ಕರಡಿಯನ್ನು ಮುಂದಿಟ್ಟು ವಾದಿಸುವವರಿಗೆ

ಮಾನ್ವಿ ಸೀಮೆಯಲ್ಲಿ ತುಂಗಭದ್ರೆಗೆ ಇಳಿಯುವುದು, ರಾಜಲಬಂಡಾ ಅಣೆಕಟ್ಟೆ ಬಂದಾಗ ದೋಣಿಯನ್ನು ಹೆಗಲ ಮೇಲೆ ಹೊತ್ತು ದಾಟುವುದು, ಬಿಚ್ಚಾಲಿಯ ತನಕ ಕ್ಯಾನೋದಲ್ಲಿ ಹೋಗುವುದು, ರಾತ್ರಿಗಳನ್ನು ದಂಡೆಯ ಮೇಲೆ ಡೇರೆಯಲ್ಲಿ ಕಳೆಯುವುದು. ಇದು ಸರಿಹೋದರೆ ಮುಂದಿನ ವರ್ಷ ದೇವದುರ್ಗ ತಾಲ್ಲೂಕಿನ ಕೃಷ್ಣೆಯಲ್ಲಿ ಇನ್ನೊಂದು ಪಯಣ. ಇಷ್ಟನ್ನು ನಾವು ಕೆಲವರು ಕಾಗದದ ಮೇಲೆ ಬರೆದು ರಾಯಚೂರಿನ ಗೆಳೆಯರಿಗೆ, ಪರಿಚಯದವರಿಗೆ ಓದಲು ಕೊಟ್ಟೆವು. ಬಂದ ಉತ್ತರಗಳನ್ನು ಓದಿದವರಿಗೆ ಎರಡು ಬಣಗಳು ಕಾಣುತ್ತವೆ. ಒಂದು ಬಣ ಹೋಗಲೇಬೇಡಿ ಎನ್ನುತ್ತದೆ. ಇನ್ನೊಂದು, ಹೋಗುವುದಕ್ಕೆ ಇಷ್ಟೊಂದು ಲೆಕ್ಕಾಚಾರ ಯಾಕೆ ಎನ್ನುತ್ತದೆ. ಎರಡೂ ಬಣಗಳು ಸಾಕ್ಷಿಗೆ ಕರೆದದ್ದು ಮಾತ್ರ ಒಂದೇ ಪ್ರಾಣಿಯನ್ನು: ಕರಡಿ. ಒಂದೇ ಸಾಕ್ಷಿ ಎರಡು ವಿರುದ್ಧ ಪಕ್ಷಗಳಿಗೆ ಹೇಗೆ ಅನುಕೂಲವಾಯಿತು ಎಂಬುದನ್ನು ಒಂದೊಂದಾಗಿ ನೋಡೋಣ. ಓದುಗರು ಎರಡೂ ಕಡೆ ಕೇಳಿ ಮನಸ್ಸು ಮಾಡಲಿ.

ತೀರಾ ಜೋರಾಗಿ ಬಂದ ಮಾತು ಇದು: "ಕರಡಿ ಓಡಾಡುವ ಸೀಮೆಯಲ್ಲಿ ಬಯಲಲ್ಲಿ ಮಲಗುವುದು ಆತ್ಮಹತ್ಯೆ. ಹಳ್ಳಿಯವರೇ ಕತ್ತಲಾದ ಮೇಲೆ ಹೊರಗೆ ಬರುವುದಿಲ್ಲ." ಮೊದಲ ವಾಕ್ಯದಲ್ಲಿ ಅರ್ಧ ಸತ್ಯವಿದೆ, ಎರಡನೆಯದರಲ್ಲಿ ಕಾಲು ಸತ್ಯವೂ ಇಲ್ಲ. ರಾತ್ರಿ ಪಾಳಿಯಲ್ಲಿ ಕರೆಂಟು ಬಂದರೆ ಪಂಪ್‌ಸೆಟ್ ಚಾಲೂ ಮಾಡಲು ಹೊಲಕ್ಕೆ ಹೋಗುವವರು ಯಾರು? ಸುಗ್ಗಿ ಮುಗಿದ ಹೊಲದಲ್ಲಿ ಕುರಿಹಿಂಡಿನ ಜೊತೆ ಕಂಬಳಿ ಹೊದ್ದು ಮಲಗುವವರು ಯಾರು? ಸಂಜೆ ಬಲೆ ಬಿಟ್ಟು ನಸುಕಿನಲ್ಲಿ ಎಳೆಯುವ ಅಂಬಿಗರು ಯಾವ ಊರಿನವರು? ಇವರೆಲ್ಲ ನಿತ್ಯ ಆತ್ಮಹತ್ಯೆ ಮಾಡಿಕೊಳ್ಳುತ್ತಿದ್ದಾರೆ ಎಂದು ಆಕ್ಷೇಪಕರು ಹೇಳಲಾರರು. ಬಡವ ಹೊಟ್ಟೆಪಾಡಿಗೆ ಮಲಗಿದರೆ ಅದು ಅವರ ಕಣ್ಣಿಗೇ ಬೀಳುವುದಿಲ್ಲ. ನಾಲ್ಕು ಜನ ಖುಷಿಗೆ ಮಲಗುತ್ತೇವೆ ಎಂದ ಕೂಡಲೇ ಕರಡಿ ಗುಡ್ಡದಿಂದ ಇಳಿದು ಬರುತ್ತದೆ.

ಇನ್ನು ಆ ಅರ್ಧ ಸತ್ಯದ ವಿಷಯ. ನಮ್ಮ ಸೀಮೆಯಲ್ಲಿ ಕರಡಿ ಇರುವುದು ನಿಜ. ಆದರೆ ಎಲ್ಲಿ? ಅದಕ್ಕೆ ಬೇಕಾದದ್ದು ಬಂಡೆಗಲ್ಲಿನ ಗುಡ್ಡ, ಗವಿ, ಮುಳ್ಳುಪೊದೆ, ಹುತ್ತ, ಬಾರಿಹಣ್ಣು, ಕವಳೆಹಣ್ಣು, ಕಕ್ಕೆಕಾಯಿ. ಮಾನ್ವಿಯ ತುಂಗಭದ್ರೆಯ ದಂಡೆ ನೋಡಿದವರಿಗೆ ಗೊತ್ತು, ಅಲ್ಲಿ ಎಡದಂಡೆ ಕಾಲುವೆಯ ನೀರುಂಡ ಎರೆಭೂಮಿ, ಭತ್ತದ ಗದ್ದೆ, ಮರಳು, ಜಾಲಿ. ಕರಡಿಯ ನಿಜವಾದ ನೆಲೆ ಹೊಳೆಯ ಮೇಲ್ಭಾಗದಲ್ಲಿ, ಕೊಪ್ಪಳ, ಗಂಗಾವತಿ, ಹಂಪಿ, ದರೋಜಿಯ ಕಲ್ಲುಗುಡ್ಡಗಳಲ್ಲಿ. ದರೋಜಿಯಲ್ಲಿ 1994ರಲ್ಲಿ ಕರಡಿಗೆಂದೇ ಅಭಯಾರಣ್ಯ ಆದದ್ದು ಸುಮ್ಮನೆ ಅಲ್ಲ. ದೇವದುರ್ಗದ ಕಡೆ ಮಾತು ಬೇರೆ. ಅಲ್ಲಿ ಗುಡ್ಡಗಳಿವೆ, ಹೊಳೆಯ ಪಾತ್ರವೂ ಕಲ್ಲುಬಂಡೆಗಳದ್ದು. ಅದಕ್ಕೇ ನಾವು ಮೊದಲ ಪಯಣಕ್ಕೆ ಮಾನ್ವಿಯನ್ನು ಆರಿಸಿ ದೇವದುರ್ಗವನ್ನು ಮುಂದಕ್ಕೆ ಹಾಕಿದ್ದು. ಕಾಗದದಲ್ಲಿ ಇದು ಎರಡನೆಯ ಪುಟದಲ್ಲೇ ಇತ್ತು. ಆಕ್ಷೇಪಕರ ಓದು ಮೊದಲನೆಯ ಪುಟಕ್ಕೆ ನಿಂತಂತೆ ಕಾಣುತ್ತದೆ.

ಎರಡನೆಯ ಬಣದ ಮಾತು ಇನ್ನೂ ರುಚಿಕರ. "ಕರಡಿಗೆ ಇಷ್ಟು ಹೆದರುವುದು ಯಾಕೆ? ಬೆಂಕಿ ಹಾಕಿ, ಜೊತೆಗೆ ಒಂದು ಡಬ್ಬಿ ಪಟಾಕಿ ಇರಲಿ. ಮೇಲೆ ಬಿದ್ದರೆ ಮರ ಹತ್ತಿ." ಸಲಹೆ ಮೂರು, ಮೂರರಲ್ಲೂ ಅಪಾಯ. ಕೊನೆಯದನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಅದು ಎಲ್ಲಕ್ಕಿಂತ ಚೆಂದವಾಗಿದೆ. ಮರ ಹತ್ತಿ ಜೇನು ತಿನ್ನುವ ಪ್ರಾಣಿಯಿಂದ ತಪ್ಪಿಸಿಕೊಳ್ಳಲು ಮರ ಹತ್ತಬೇಕಂತೆ. ಕರಡಿ ನಮಗಿಂತ ಚೆನ್ನಾಗಿ ಹತ್ತುತ್ತದೆ, ನಮಗಿಂತ ಜೋರಾಗಿ ಓಡುತ್ತದೆ. ಅದಕ್ಕೆ ಕಡಿಮೆ ಇರುವುದು ಕಣ್ಣು ಮತ್ತು ಕಿವಿ. ಮೂಗು ಮಾತ್ರ ಬಹಳ ಚುರುಕು. ಹುತ್ತಕ್ಕೆ ಮೂತಿಯಿಟ್ಟು ಗೆದ್ದಲು ಹೀರುವಾಗ ಅದು ಮಾಡುವ ಸದ್ದು ನಮಗೆ ದೂರದಿಂದ ಕೇಳುತ್ತದೆ, ನಮ್ಮ ಹೆಜ್ಜೆಯ ಸದ್ದು ಮಾತ್ರ ಅದರ ಗಮನಕ್ಕೆ ಬರುವುದಿಲ್ಲ. ಹೀಗಾಗಿ ಮನುಷ್ಯ ತೀರಾ ಹತ್ತಿರ ಬಂದ ಮೇಲೆ ಅದು ಬೆಚ್ಚುತ್ತದೆ, ಬೆಚ್ಚಿದ ಕರಡಿ ಮೇಲೆ ಬೀಳುತ್ತದೆ. ದಾಳಿಗಳ ಮೂಲ ಬಹುಮಟ್ಟಿಗೆ ಇಲ್ಲಿದೆ. ಹಾಗಿದ್ದರೆ ಮಾಡಬೇಕಾದದ್ದು ಸರಳ: ಪೊದೆಯ ದಾರಿಯಲ್ಲಿ ಗುಂಪಾಗಿ, ಗಟ್ಟಿಯಾಗಿ ಮಾತಾಡುತ್ತ ನಡೆಯುವುದು. ಕಂಡರೆ ಓಡದೆ, ಅದಕ್ಕೆ ಹೋಗಲು ದಾರಿ ಬಿಟ್ಟು ನಿಧಾನಕ್ಕೆ ಹಿಂದೆ ಸರಿಯುವುದು. ಮೇಲೆ ಬಿದ್ದೇ ಬಿಟ್ಟರೆ ಬೋರಲು ಮಲಗಿ ಎರಡೂ ಕೈಗಳಿಂದ ಕತ್ತಿನ ಹಿಂಭಾಗ ಮುಚ್ಚಿಕೊಳ್ಳುವುದು. ಇದರಲ್ಲಿ ಶೌರ್ಯವೇನೂ ಇಲ್ಲ, ಒಪ್ಪುತ್ತೇನೆ. ಪಟಾಕಿ ಹೊಡೆಯುವುದರಲ್ಲಿ ಶೌರ್ಯ ಹೆಚ್ಚಿಗೆ ಕಾಣಬಹುದು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ ಹೆಸರಿರುವ ಪ್ರಾಣಿಯ ಮೇಲೆ, ಅದೂ ಬೆನ್ನ ಮೇಲೆ ಮರಿ ಹೊತ್ತ ತಾಯಿಯ ಮೇಲೆ, ಸಿಡಿಮದ್ದು ಎಸೆಯುವ ಶೂರರ ಜೊತೆ ನಾನು ಒಂದೇ ದೋಣಿ ಹತ್ತುವುದಿಲ್ಲ.

ಬೆಂಕಿಯ ಬಗ್ಗೆ ಒಂದೇ ಮಾತು. ದಂಡೆಯ ಒಣಹುಲ್ಲು, ಪಕ್ಕದಲ್ಲಿ ರೈತರ ಮೇವಿನ ಬಣವಿ. ಕರಡಿ ಬಾರದ ರಾತ್ರಿ ಬಣವಿ ಹತ್ತಿಕೊಂಡರೆ ಊರಿನವರು ಬರುತ್ತಾರೆ. ಅವರ ಕೈಯಿಂದ ತಪ್ಪಿಸಿಕೊಳ್ಳಲು ಯಾವ ಮರ?

"ಕರಡಿ ಗೆದ್ದಲು ತಿನ್ನುವ ಪ್ರಾಣಿ, ನಿಮ್ಮ ರೊಟ್ಟಿ ಗಂಟಿಗೆ ಅದಕ್ಕೇನು ಕೆಲಸ? ಊಟದ ಸಾಮಾನನ್ನು ಡೇರೆಯಿಂದ ದೂರ ಇಡಬೇಕು ಎಂಬುದೆಲ್ಲ ಅಮೆರಿಕದ ಪುಸ್ತಕ ಓದಿ ಬರೆದದ್ದು." ಈ ಟೀಕೆ ಬರೆದವರು ದರೋಜಿಗೆ ಹೋಗಿ ಬಂದವರು, ಫೋಟೊ ತೆಗೆದುಕೊಂಡು ಬಂದವರು. ಅಲ್ಲಿ ಸಂಜೆ ಕರಡಿಗಳು ಬಂಡೆಯ ಮೇಲೆ ಸಾಲಾಗಿ ಬಂದದ್ದು ಪ್ರವಾಸಿಗರ ಮುಖ ನೋಡುವುದಕ್ಕೆ ಅಂತ ಅವರು ತಿಳಿದಿದ್ದರೆ ತಿದ್ದಲೇಬೇಕು. ಬಂಡೆಗೆ ಬೆಲ್ಲದ ಪಾಕ ಬಳಿದಿರುತ್ತಾರೆ. ಆ ವಾಸನೆಗೆ ಬರುತ್ತವೆ. ಬೆಲ್ಲದ ವಾಸನೆ ಹಿಡಿದು ಗುಡ್ಡ ಇಳಿಯುವ ಪ್ರಾಣಿ ನಿಮ್ಮ ಚೀಲದೊಳಗಿನ ಬೆಲ್ಲವನ್ನು ಮಾತ್ರ ಸೈದ್ಧಾಂತಿಕ ಕಾರಣಕ್ಕೆ ಮುಟ್ಟುವುದಿಲ್ಲವೇ? ಕಲ್ಲಂಗಡಿ, ಶೇಂಗಾ, ಮೆಕ್ಕೆಜೋಳದ ಹೊಲಕ್ಕೆ ಕರಡಿ ನುಗ್ಗಿತು ಎಂದು ಗುಡ್ಡದ ಬುಡದ ರೈತರು ದೂರುವುದು ಗೆದ್ದಲಿಗಾಗಿ ಅಲ್ಲ. ನಮ್ಮ ಅಡುಗೆಯ ಪಟ್ಟಿಯಲ್ಲಿ ಬೆಲ್ಲ, ಬಾಳೆಹಣ್ಣು, ಒಣಮೀನು ಇಲ್ಲದಿರುವುದು ಈ ಕಾರಣಕ್ಕೆ. ಕಟಿರೊಟ್ಟಿ, ಶೇಂಗಾ ಹಿಂಡಿ, ಅಗಸಿ ಚಟ್ನಿಪುಡಿ, ಒಗ್ಗರಣೆ ಹಾಕದ ಮಂಡಾಳು. ಎಲ್ಲ ಬಿಗಿಮುಚ್ಚಳದ ಡಬ್ಬಿಯಲ್ಲಿ, ಡೇರೆಯಿಂದ ದೂರದಲ್ಲಿ. ಅಡುಗೆ ಮಾಡಿದ ಜಾಗದಲ್ಲಿ ಮಲಗುವುದಿಲ್ಲ. ಇದಕ್ಕೆ ಅಮೆರಿಕದ ಪುಸ್ತಕ ಬೇಕಿಲ್ಲ, ಮೂಗಿರುವ ಪ್ರಾಣಿಯ ಬಗ್ಗೆ ಎರಡು ನಿಮಿಷ ಯೋಚಿಸಿದರೆ ಸಾಕು.

ಇನ್ನೊಬ್ಬರು ಉದಾರವಾಗಿ ಬದಲಿ ದಾರಿ ಸೂಚಿಸಿದ್ದಾರೆ: "ಮಾನ್ವಿಯಲ್ಲಿ ಏನಿದೆ ನೋಡಲು? ಹಂಪಿಯಿಂದ ಕಂಪ್ಲಿಗೆ ಹೋಗಿ, ಕಲ್ಲುಗುಡ್ಡಗಳ ನಡುವೆ ಸ್ವರ್ಗ." ಸ್ವರ್ಗ ಹೌದು, ಅದರಲ್ಲಿ ಆಗಲೇ ನಿವಾಸಿಗಳಿದ್ದಾರೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೊಮೀಟರ್ ತುಂಗಭದ್ರೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಗಿದೆ. ಎರಡೂ ಬದಿಯಲ್ಲಿ ಕರಡಿ, ಚಿರತೆಗಳ ಗುಡ್ಡ. ಈ ಸಲಹೆ ಕೊಟ್ಟವರು ಅದೇ ಪತ್ರದ ಮೊದಲ ಪ್ಯಾರಾದಲ್ಲಿ ನಮಗೆ ಕರಡಿಯ ಭಯ ಹೇಳಿದ್ದಾರೆ. ಕರಡಿ ಕಡಿಮೆ ಇರುವ ದಂಡೆ ಬಿಟ್ಟು ಕರಡಿಯ ಮನೆಯಂಗಳಕ್ಕೇ ಹೋಗಿ ಎನ್ನುವುದು ಯಾವ ತರ್ಕವೋ ಅವರೇ ಬಿಡಿಸಿ ಹೇಳಬೇಕು.

"ಕ್ಯಾನೋ ಯಾಕೆ? ನಮ್ಮದೇ ಹರಿಗೋಲು ಇಲ್ಲವೇ? ವಿದೇಶಿ ಚಟ." ಇಲ್ಲಿ ಅಭಿಮಾನ ಇದೆ, ಅದಕ್ಕೆ ಗೌರವವಿದೆ. ಹರಿಗೋಲಿನ ಹಿರಿಮೆ ನನಗೂ ಗೊತ್ತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಯ ಬಳಿ ತೊಗಲು ಹೊದಿಸಿದ ಬುಟ್ಟಿಯಂಥ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಅವುಗಳಲ್ಲಿ ಹದಿನೈದಿಪ್ಪತ್ತು ಜನ ದಾಟುತ್ತಿದ್ದರು, ಕುದುರೆ ಎತ್ತುಗಳನ್ನೂ ಸಾಗಿಸುತ್ತಿದ್ದರು. ಅವನೇ ಇನ್ನೊಂದು ಸಂಗತಿಯನ್ನೂ ಗಮನಿಸಿದ್ದ, ಅವು ಸಾಗುವಾಗ ಸದಾ ಸುತ್ತುತ್ತಿರುತ್ತವೆ. ಈ ಗಡ್ಡೆಯಿಂದ ಆ ದಂಡೆಗೆ ದಾಟಲು ಹರಿಗೋಲಿಗೆ ಸಾಟಿ ಇಲ್ಲ. ಕಲ್ಲಿಗೆ ತಾಗಿದರೂ ಜಾರಿಕೊಳ್ಳುತ್ತದೆ, ಅಂಗೈಯಗಲ ನೀರಲ್ಲೂ ತೇಲುತ್ತದೆ. ಆದರೆ ಹೊಳೆಯ ಉದ್ದಕ್ಕೂ ದಿನಗಟ್ಟಲೆ ಸಾಗಲು, ಎದುರುಗಾಳಿಯಲ್ಲಿ ದಿಕ್ಕು ಹಿಡಿಯಲು, ಸಾಮಾನು ಕಟ್ಟಿ ಭದ್ರವಾಗಿಡಲು ಉದ್ದನೆಯ ಕಿರಿದೋಣಿ ಬೇಕು. ಗುಂಡನೆಯದು ದಾಟಲಿಕ್ಕೆ, ಉದ್ದನೆಯದು ಸಾಗಲಿಕ್ಕೆ. ಇದರಲ್ಲಿ ದೇಶಭಕ್ತಿಗೆ ಜಾಗವೆಲ್ಲಿ? ಹಾಗೆ ನೋಡಿದರೆ ಇವತ್ತಿನ ಹರಿಗೋಲಿಗೆ ತೊಗಲಿಲ್ಲ. ಪ್ಲಾಸ್ಟಿಕ್ ಹಾಳೆ, ಡಾಂಬರು, ಕೆಲವೆಡೆ ಪೂರ್ತಿ ಫೈಬರ್. ಅದನ್ನು ಯಾರೂ ವಿದೇಶಿ ಚಟ ಎಂದಿಲ್ಲ.

ಇದೇ ಬಾಯಿಂದ ಬಂದ ಇನ್ನೊಂದು ಮಾತಿಗೆ ಮಾತ್ರ ನನ್ನ ಗೌರವವಿಲ್ಲ: "ನಮ್ಮ ಅಜ್ಜ ಮುತ್ತಜ್ಜ ಲೈಫ್ ಜಾಕೆಟ್ ಹಾಕಿಕೊಂಡು ಹೊಳೆ ದಾಟಿದರೇ?" ಇಲ್ಲ, ದಾಟಲಿಲ್ಲ. ದಾಟಿದವರು ಮೊಮ್ಮಕ್ಕಳಿಗೆ ಕಥೆ ಹೇಳಿದರು. ಮುಳುಗಿದವರ ಕಥೆ ಹೇಳಲು ಯಾರೂ ಉಳಿಯಲಿಲ್ಲ. 2020ರ ಆಗಸ್ಟ್‌ನಲ್ಲಿ ರಾಯಚೂರು ತಾಲ್ಲೂಕಿನ ಕುರ್ವಕಲಾ ನಡುಗಡ್ಡೆಯ ಜನ ಆಚೆ ದಂಡೆಗೆ ಹೋಗಲು ಕೃಷ್ಣೆಯಲ್ಲಿ ಹರಿಗೋಲು ಹತ್ತಿದ್ದರು. ಅದು ಮಗುಚಿ ಕೆಲವರು ನೀರುಪಾಲಾದರು. ಅವರು ಹೊಳೆಗೆ ಹೊಸಬರಲ್ಲ, ಹುಟ್ಟಿನಿಂದ ಹೊಳೆಯ ನಡುವೆಯೇ ಬದುಕಿದವರು. ಪರಂಪರೆ ಅವರ ಹತ್ತಿರ ನಮಗಿಂತ ಹೆಚ್ಚಿತ್ತು.

ಈಗ ಕಾಗದದ ಮುಖ್ಯ ಭಾಗಕ್ಕೆ ಬರೋಣ, ಆಕ್ಷೇಪಕರು ನಕ್ಕು ಮುಂದೆ ಹೋದ ಭಾಗ. ಪಯಣಕ್ಕೆ ಹೊರಡುವ ಮುನ್ನ, ಪಯಣದ ಪ್ರತಿ ಬೆಳಗೂ ತುಂಗಭದ್ರಾ ಜಲಾಶಯದಿಂದ ಹೊಳೆಗೆ ಎಷ್ಟು ನೀರು ಬಿಡುತ್ತಿದ್ದಾರೆ ಎಂದು ಕೇಳಿ ತಿಳಿಯಬೇಕು ಎಂದು ನಾವು ಬರೆದಿದ್ದೆವು. ಬಂದ ಟಿಪ್ಪಣಿ: "ಮೇಲೆ ಅಣೆಕಟ್ಟು ಇದೆ, ಹೊಳೆ ಈಗ ಇಂಜಿನಿಯರುಗಳ ಕೈಯಲ್ಲಿದೆ. ಮಳೆಗಾಲ ಮುಗಿದ ಮೇಲೆ ಪ್ರವಾಹದ ಮಾತೇಕೆ?"

ಇಂಜಿನಿಯರುಗಳ ಕೈಯಲ್ಲಿದೆ ಎಂಬುದೇ ಅಪಾಯದ ಅರ್ಧ. ಮಳೆಯ ಹೊಳೆ ಬರುವ ಮುಂಚೆ ಮೋಡ ತೋರಿಸುತ್ತದೆ, ಕೆಂಪು ನೀರು ಕಳಿಸುತ್ತದೆ. ಗೇಟಿನ ಹೊಳೆ ಶುಭ್ರ ಆಕಾಶದ ಕೆಳಗೆ ಬರುತ್ತದೆ. ಮಳೆ ಬಿದ್ದದ್ದು ಶಿವಮೊಗ್ಗದಲ್ಲೋ ಮಹಾಬಳೇಶ್ವರದಲ್ಲೋ, ಮುಳುಗುವುದು ಮಾನ್ವಿ, ದೇವದುರ್ಗ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋಯಿತು. ಆ ಒಂದೇ ಕಿಂಡಿಯಿಂದ ಸುಮಾರು 35,000 ಕ್ಯುಸೆಕ್ ನೀರು ನುಗ್ಗಿತು. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ 28 ಲೀಟರಿಗೂ ಹೆಚ್ಚು. ಲೆಕ್ಕ ಹಾಕಿ, ಸೆಕೆಂಡಿಗೆ ಹತ್ತು ಲಕ್ಷ ಲೀಟರಿನಷ್ಟಾಯಿತು. ಅಣೆಕಟ್ಟಿನ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ವಾರ ಹಿಡಿದ ಕೆಲಸದ ನಂತರ ತಾತ್ಕಾಲಿಕ ಗೇಟು ಕೂತಿತು. ಕೊಚ್ಚಿಹೋದದ್ದು ಯಾರೋ ಎತ್ತಿದ ಗೇಟಲ್ಲ, ಯಾವ ಇಂಜಿನಿಯರನ ಆದೇಶವೂ ಅಲ್ಲ. ಅವತ್ತು ರಾತ್ರಿ ದಂಡೆಯ ಮರಳಿನಲ್ಲಿ ಡೇರೆ ಹಾಕಿ ಮಲಗಿದವನಿಗೆ ಕರಡಿಯ ಬಗ್ಗೆ ಯೋಚಿಸಲು ಪುರುಸೊತ್ತು ಸಿಗುತ್ತಿತ್ತೇ?

ಕೃಷ್ಣೆಯ ಕಡೆ ಇದೇ ಪಾಠ, ಇನ್ನೂ ದೊಡ್ಡ ಅಕ್ಷರಗಳಲ್ಲಿ. ನಾರಾಯಣಪುರದ ಬಸವಸಾಗರದಿಂದ ಭಾರಿ ನೀರು ಬಿಟ್ಟಾಗ ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ಮುಳುಗುವ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಲಿಂಗಸುಗೂರು ಕಡೆಯ ನಡುಗಡ್ಡೆಗಳ ಸಂಪರ್ಕ ಕಡಿಯುತ್ತದೆ. 2019ರ ಆಗಸ್ಟ್‌ನಲ್ಲಿ ಬಿಡುಗಡೆ ಐದು ಲಕ್ಷ ಕ್ಯುಸೆಕ್ ದಾಟಿತ್ತು. "ಮಳೆಗಾಲ ಮುಗಿದ ಮೇಲೆ" ಎನ್ನುವವರಿಗೆ 2009ರ ನೆನಪು ಇರಬೇಕಿತ್ತು. ಆ ಮಹಾಪ್ರವಾಹ ಬಂದದ್ದು ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದಲ್ಲಿ. ಮಂತ್ರಾಲಯ ಮುಳುಗಿತ್ತು, ರಾಯಚೂರು ಜಿಲ್ಲೆಯ ಹೊಳೆದಂಡೆಯ ಊರುಗಳು ಮುಳುಗಿದ್ದವು. ಮಳೆಗಾಲ ಪಂಚಾಂಗ ನೋಡಿ ಮುಗಿಯುವುದಿಲ್ಲ.

ಹಾಗಾಗಿ ನಮ್ಮ ಕಾಗದದಲ್ಲಿ ಮಲಗುವ ಜಾಗದ ಬಗ್ಗೆ ಒಂದು ಇಡೀ ಪುಟ ಇದೆ. ಹೊಳೆಯ ನಡುವಿನ ಮರಳುದಿಬ್ಬದ ಮೇಲೆ ಎಷ್ಟೇ ಚೆಂದ ಕಂಡರೂ ಮಲಗುವುದಿಲ್ಲ. ಜಾಲಿಗಿಡದ ಕೊಂಬೆಗಳಲ್ಲಿ ಹೋದ ಪ್ರವಾಹದ ಕಸ, ಹರಿದ ಪ್ಲಾಸ್ಟಿಕ್ ಸಿಕ್ಕಿಕೊಂಡಿರುತ್ತದೆ. ಆ ಗೆರೆ ನೋಡಿ, ಅದಕ್ಕಿಂತ ಮೇಲೆ ಮಲಗಬೇಕು. ದೋಣಿಯನ್ನೂ ಅಲ್ಲಿಗೇ ಎಳೆದು ಕಟ್ಟಬೇಕು. ನೀರಂಚಿಗೆ ಒಂದು ಕಡ್ಡಿ ನೆಟ್ಟು, ಮಲಗುವ ಮುಂಚೆ ಒಮ್ಮೆ, ನಡುರಾತ್ರಿ ಒಮ್ಮೆ ದೀಪ ಹಾಕಿ ನೋಡಬೇಕು. ಕಡ್ಡಿ ಮುಳುಗಿದ್ದರೆ ಡೇರೆ ಬಿಚ್ಚುವುದಕ್ಕೂ ನಿಲ್ಲದೆ ಮೇಲಕ್ಕೆ. ಈ ಪುಟವನ್ನು ಓದಿ "ಪಿಕ್ನಿಕ್ಕಿಗೆ ಪ್ರಬಂಧ" ಎಂದು ಅಂಚಿನಲ್ಲಿ ಬರೆದವರು ಯಾರೆಂದು ಕೈಬರಹದಿಂದ ತಿಳಿಯಿತು. ಹೆಸರು ಹೇಳುವುದಿಲ್ಲ.

ಇನ್ನು ಮೌನದ ಮಾತು. ಬಂದ ಅಷ್ಟೂ ಆಕ್ಷೇಪಣೆಗಳಲ್ಲಿ ಕರಡಿ ಪುಟಪುಟದಲ್ಲೂ ಇದೆ. ಮೊಸಳೆ ಎಂಬ ಪದವಿಲ್ಲ. ಮನೆಗೆ ಬೆಂಕಿ ಬಿದ್ದಾಗ ಇಲಿಕಾಟದ ಬಗ್ಗೆ ಅರ್ಜಿ ಕೊಟ್ಟ ಹಾಗಾಯಿತು. ಕೃಷ್ಣೆಯಲ್ಲಿ, ಅದರಲ್ಲೂ ದೇವದುರ್ಗ ಮತ್ತು ರಾಯಚೂರು ತಾಲ್ಲೂಕುಗಳ ಪಾತ್ರದಲ್ಲಿ, ಮೊಸಳೆ ಇದೆ ಎಂಬುದು ದನ ಮೇಯಿಸುವ ಹುಡುಗರಿಗೂ ಗೊತ್ತು. ನೀರಿಗಿಳಿದ ದನ, ಕುರಿ, ಮನುಷ್ಯರ ಮೇಲೆ ದಾಳಿಗಳಾಗಿವೆ. ಕರಡಿ ಗುಡ್ಡದ ಪ್ರಾಣಿ, ನಮ್ಮ ದಾರಿಗೆ ಅಪರೂಪಕ್ಕೆ ಬರಬಹುದು. ಮೊಸಳೆಯ ಮನೆಯೇ ನಮ್ಮ ದಾರಿ. ಹೊಳೆ ಇಳಿದಂತೆ ನೀರು ಮಡುಗಳಲ್ಲಿ ಉಳಿಯುತ್ತದೆ, ಮೊಸಳೆಗಳೂ ಅಲ್ಲೇ ಸೇರುತ್ತವೆ. ಚಳಿಗಾಲದ ಬೆಳಗ್ಗೆ ಮೈ ಕಾಯಿಸಲು ಏರುವುದು ಅದೇ ಮರಳುದಿಬ್ಬ, ಪ್ರವಾಸಿ ಫೋಟೊಗಳಲ್ಲಿ ಚಂದ್ರನ ಬೆಳಕಿನಲ್ಲಿ ಡೇರೆ ನಿಂತಿರುವಂಥದ್ದು. ಫೆಬ್ರುವರಿಯಿಂದ ಆಚೆಗೆ ಮೊಟ್ಟೆಯಿಡುವುದೂ ದಂಡೆಯ ಮರಳು, ಮಣ್ಣಿನಲ್ಲೇ. ಆಗ ತಾಯಿಮೊಸಳೆ ಕಾವಲಿರುತ್ತದೆ.

ಯಾಕೆ ಈ ಮೌನ? ನನ್ನ ಊಹೆ ಇಷ್ಟೇ. ಹೋಗಬೇಡಿ ಎನ್ನುವವರಿಗೆ ಕರಡಿಯ ಹೆಸರು ಕೇಳಲು ಭಯಂಕರವಾಗಿದೆ, ಅಷ್ಟು ಸಾಕಿತ್ತು. ಹೋಗಿ ಎನ್ನುವವರಿಗೆ ಮೊಸಳೆ ಎಂದ ಕೂಡಲೇ ತಮ್ಮ ಪಟಾಕಿ, ಬೆಂಕಿ, ಮರಗಳೆಲ್ಲ ಕೆಲಸಕ್ಕೆ ಬಾರದವು ಎಂದು ಒಪ್ಪಬೇಕಾಗುತ್ತಿತ್ತು. ಮೊಸಳೆಗೆ ಇರುವ ಉಪಾಯ ಒಂದೇ, ನೀರಂಚಿನಿಂದ ದೂರ. ಪಾತ್ರೆ ಹೊಳೆಯಲ್ಲಿ ತೊಳೆಯದೆ ಕೊಡದಲ್ಲಿ ನೀರು ತಂದು ಮೇಲೆ ತೊಳೆಯುವುದು, ಮೀನಿನ ಹೊಟ್ಟೆಯನ್ನು ದಂಡೆಯಲ್ಲಿ ಬಿಸಾಕದಿರುವುದು, ಕತ್ತಲಲ್ಲಿ ನೀರಿಗೆ ಇಳಿಯದಿರುವುದು, ಮಡುವಿನಲ್ಲಿ ಈಜದಿರುವುದು. ಯಾವ ಮಡುವಿನಲ್ಲಿ ಮೊಸಳೆ ಇದೆ ಎಂಬುದಕ್ಕೆ ಆಯಾ ಊರಿನ ಅಂಬಿಗರ ಮಾತೇ ಕೊನೆಯ ಮಾತು. ಅವರಲ್ಲಿ ಒಬ್ಬರನ್ನು ಕೂಲಿ ಕೊಟ್ಟು ಜೊತೆಗೆ ಕರೆದೊಯ್ಯುವುದು ನಮ್ಮ ಖರ್ಚಿನ ಪಟ್ಟಿಯಲ್ಲಿ ಮೊದಲ ಸಾಲು. ದೇವದುರ್ಗದ ಪಯಣವನ್ನು ಎರಡನೆಯ ವರ್ಷಕ್ಕೆ ಹಾಕಲು ಇದು ಇನ್ನೊಂದು ಕಾರಣ. ಅಲ್ಲಿ ದಂಡೆಯಿಂದ ಮೇಲೆ ಹೋದರೆ ಗುಡ್ಡ, ಕೆಳಗೆ ಬಂದರೆ ಮಡು. ಡಿಸೆಂಬರ್, ಜನವರಿಯಲ್ಲಿ ಕರಡಿ ಗವಿಯಲ್ಲಿ ಮರಿ ಹಾಕುವ ಕಾಲ ಬೇರೆ. ಎರಡರ ನಡುವೆ ಸುರಕ್ಷಿತವಾಗಿ ಮಲಗುವ ಜಾಗಗಳನ್ನು ಹಗಲಲ್ಲಿ ನಡೆದು ಗುರುತಿಸಿದ ಮೇಲೆಯೇ ದೋಣಿ ಇಳಿಸುವ ಮಾತು.

"ಹೊಳೆ ಯಾರಪ್ಪನದ್ದು? ಅರಣ್ಯ ಇಲಾಖೆಗೆ ಅರ್ಜಿ, ಪೊಲೀಸ್ ಠಾಣೆಗೆ ಕಾಗದ, ಪಂಚಾಯ್ತಿಗೆ ತಿಳುವಳಿಕೆ, ಇದೆಲ್ಲ ಗುಲಾಮಗಿರಿ." ಕೇಳಲು ಚೆನ್ನಾಗಿದೆ. ಆದರೆ ತುಂಗಭದ್ರೆಯ ಆ ದಂಡೆ ಆಂಧ್ರಪ್ರದೇಶದ್ದು. ಕೃಷ್ಣೆಯಲ್ಲಿ ಕುರ್ವಪುರದ ಕಡೆ ಇಳಿದರೆ ಎದುರಿಗೆ ತೆಲಂಗಾಣ. ರಾತ್ರಿ ಗಾಳಿಗೆ ದೋಣಿ ಆಚೆ ದಂಡೆಗೆ ಹೋದರೆ ನೀವು ಬೇರೆ ರಾಜ್ಯದ ಠಾಣೆಯ ಸರಹದ್ದಿನಲ್ಲಿರುತ್ತೀರಿ. ಅದಕ್ಕಿಂತ ದೊಡ್ಡ ಮಾತು ಮರಳು. 2018ರ ಡಿಸೆಂಬರ್‌ನಲ್ಲಿ ಇದೇ ಮಾನ್ವಿ ತಾಲ್ಲೂಕಿನಲ್ಲಿ ಅಕ್ರಮ ಮರಳು ಸಾಗಣೆ ತಡೆಯಲು ಹೋದ ಗ್ರಾಮ ಲೆಕ್ಕಾಧಿಕಾರಿಯೊಬ್ಬರ ಮೇಲೆ ಲಾರಿ ಹರಿದು ಅವರು ಸತ್ತರು. ಸರ್ಕಾರದ ನೌಕರನಿಗೇ ಹೀಗಾದ ದಂಡೆಯಲ್ಲಿ ಯಾರಿಗೂ ಹೇಳದೆ ಡೇರೆ ಹಾಕುವುದು ಸ್ವಾತಂತ್ರ್ಯವಲ್ಲ. 2025ರ ಮಾರ್ಚ್‌ನಲ್ಲಿ ಗಂಗಾವತಿ ತಾಲ್ಲೂಕಿನ ಸಣಾಪುರದ ಹತ್ತಿರ ರಾತ್ರಿ ಕಾಲುವೆ ದಂಡೆಯಲ್ಲಿ ಕೂತಿದ್ದ ಪ್ರವಾಸಿಗರ ಮೇಲೆ ದಾಳಿ ನಡೆಯಿತು. ಇಬ್ಬರು ಹೆಂಗಸರ ಮೇಲೆ ಅತ್ಯಾಚಾರವಾಯಿತು, ಕಾಲುವೆಗೆ ತಳ್ಳಿದ ಗಂಡಸರಲ್ಲಿ ಒಬ್ಬ ಸತ್ತ. ಸುತ್ತಲೂ ಕರಡಿಯ ಗುಡ್ಡಗಳೇ. ಆ ರಾತ್ರಿ ಹಾನಿ ಮಾಡಿದ್ದು ಕರಡಿಯಲ್ಲ. ಎಲ್ಲಿ ತಂಗುತ್ತೇವೆ, ಎಷ್ಟು ಜನ, ಯಾವಾಗ ಮುಂದಿನ ಊರು ಮುಟ್ಟುತ್ತೇವೆ ಎಂದು ನಾಲ್ಕು ಕಡೆ ಬರೆದುಕೊಟ್ಟು ಹೋಗುವುದನ್ನು ಗುಲಾಮಗಿರಿ ಎನ್ನುವವರು ಈ ಎರಡು ಘಟನೆಗಳ ಎದುರು ನಿಂತು ಅದೇ ಮಾತು ಹೇಳಲಿ.

"ಎಲ್ಲ ಲೆಕ್ಕ ಹಾಕಿದ ಮೇಲೆ ಸಾಹಸ ಎಲ್ಲಿ ಉಳಿಯಿತು?" ದಾಂಡೇಲಿಯಲ್ಲಿ ಹೆಲ್ಮೆಟ್, ಜಾಕೆಟ್ ತೊಟ್ಟು, ಗೈಡ್ ಕೂಗಿದಾಗ ಹುಟ್ಟು ಹಾಕಿ ಕಾಳಿ ನದಿಯ ರಾಫ್ಟಿಂಗ್ ಮುಗಿಸಿ ಬಂದವರು ಕೇಳಿದ ಪ್ರಶ್ನೆ ಇದು. ಅಲ್ಲಿ ಲೆಕ್ಕ ಬೇರೆಯವರು ಹಾಕಿಕೊಟ್ಟರು, ಇವರು ದುಡ್ಡು ಕೊಟ್ಟರು. ಇಲ್ಲಿ ನಾವೇ ಹಾಕಬೇಕು, ವ್ಯತ್ಯಾಸ ಅಷ್ಟೇ.

"ಅರ್ಧ ಜಿಲ್ಲೆ ಗುಳೆ ಹೋಗುವಾಗ ನಿಮಗೆ ದೋಣಿವಿಹಾರವೇ?" ಎಂದೂ ಒಬ್ಬರು ಕೇಳಿದ್ದಾರೆ. ಪ್ರಶ್ನೆಯ ತೂಕ ದೊಡ್ಡದು, ಗುರಿ ತಪ್ಪಿದೆ. ಗುಳೆ ಹೋಗುವವರಿಗಾಗಿ ಮರುಗುವ ಈ ಮಹನೀಯರು ಬೇಸಿಗೆಗೆ ಊಟಿಗೆ ಹೋಗುವಾಗ ಆ ಮರುಕವನ್ನು ಮನೆಯಲ್ಲಿ ಬಿಟ್ಟು ಹೋಗುತ್ತಾರೆ. ನಮ್ಮ ದುಡ್ಡು ದಂಡೆಯ ಅಂಬಿಗರಿಗೆ, ರೊಟ್ಟಿ ಬಡಿದುಕೊಡುವ ಹೆಣ್ಣುಮಕ್ಕಳಿಗೆ, ಸಾಮಾನು ಹೊರುವ ಹುಡುಗರಿಗೆ ಇದೇ ಜಿಲ್ಲೆಯಲ್ಲಿ ಖರ್ಚಾಗುತ್ತದೆ. ಅದು ಬಡತನ ನೀಗಿಸುತ್ತದೆ ಎಂದು ನಾನು ಹೇಳುವುದಿಲ್ಲ. ಊಟಿಗಿಂತ ಹತ್ತಿರದಲ್ಲಿ ಖರ್ಚಾಗುತ್ತದೆ, ಇಷ್ಟೇ ನನ್ನ ವಾದ.

ಒಟ್ಟಿನಲ್ಲಿ ಉಳಿದ ಆಕ್ಷೇಪಣೆ ಯಾವುದು ಎಂದು ಹುಡುಕಿದೆ. ಹೋಗಬೇಡಿ ಎಂದವರು ಅಂಬಿಗರನ್ನು, ಕುರಿಗಾಹಿಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಹೇಗಾದರೂ ಹೋಗಿ ಎಂದವರು ಗೇಟನ್ನು, ಮೊಸಳೆಯನ್ನು, ಮರಳು ಲಾರಿಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಇಬ್ಬರಿಗೂ ನನ್ನ ವಿನಂತಿ ಒಂದೇ: ಕಾಗದದ ಎರಡನೆಯ ಪುಟದಿಂದ ಮುಂದೆ ಓದಿ, ತಪ್ಪಿದ್ದಲ್ಲಿ ಗೆರೆ ಎಳೆದು ಕಳಿಸಿ. ಹೂವಿನಹೆಡಗಿಯ ಹತ್ತಿರ ಯಾವ ಎತ್ತರದಲ್ಲಿ ಮಲಗಬಹುದು, ಯಾವ ಮಡು ಬಿಟ್ಟು ಹೋಗಬೇಕು ಎಂದು ತಿಳಿದವರಿದ್ದರೆ ಆ ಒಂದು ಸಾಲು ಕರಡಿಯ ಮೇಲಿನ ಹತ್ತು ಪುಟಗಳಿಗಿಂತ ನಮಗೆ ಉಪಯೋಗ. ದೀಪಾವಳಿ ಕಳೆದು ಹೊಳೆಯ ನೀರು ಇಳಿದು, ಜಲಾಶಯದಿಂದ ಬಿಡುಗಡೆ ನಿಂತಿದ್ದರೆ, ಇಲಾಖೆಯ ಅನುಮತಿ ಕೈಗೆ ಬಂದಿದ್ದರೆ ಮಾನ್ವಿಯಿಂದ ಹೊರಡುತ್ತೇವೆ. ಇವುಗಳಲ್ಲಿ ಒಂದು ಇಲ್ಲದಿದ್ದರೂ ಹೊರಡುವುದಿಲ್ಲ.